ಮನೆ ಬಾಡಿಗೆಗಿದೆ, ತೆಂಗಿನಕಾಯಿ ಇಲ್ಲ

ಬೆಂಗಳೂರಿನವರು ಜಾಗವನ್ನು ಚದರಡಿಯಲ್ಲಿ ಅಳೆಯುತ್ತಾರೆ, ಕುಂದಾಪುರದ ನಾವು ಸೆಂಟ್ಸಿನಲ್ಲಿ. ಅವರ ಮೂವತ್ತು-ನಲವತ್ತರ ಸೈಟು ನಮ್ಮ ಲೆಕ್ಕದಲ್ಲಿ 2.75 ಸೆಂಟ್ಸು. ಅಷ್ಟರಲ್ಲೇ ಅವರು ನಾಲ್ಕು ಮಾಳಿಗೆ ಎಬ್ಬಿಸಿ, ಎಂಟು ಸಂಸಾರ ಕೂರಿಸಿ, ಬಾಡಿಗೆಯಲ್ಲೇ ಕಾಲ ಹಾಕುತ್ತಾರೆ. ನಮ್ಮಲ್ಲಿ ಅಷ್ಟು ಜಾಗ ಹಟ್ಟಿಗೂ ಬಚ್ಚಲಿಗೂ ಹೋಗುತ್ತದೆ.

ಆದರೂ ಮದುವೆಯೂಟದ ಪಂಕ್ತಿಯಲ್ಲಿ ಸಾರಿಗಿಂತ ಮೊದಲು ಪ್ರಶ್ನೆ ಬರುತ್ತದೆ: “ನಿಮ್ ಬದಿಯಂಗೆ ಸೆಂಟ್ಸಿಗೆ ಎಷ್ಟ್ ಹೋತ್ತ್ ಮಾರ್ರೆ?” ಉತ್ತರ ಹೇಳುವವನು ಮಾರಿದವನಲ್ಲ, ಕೊಂಡವನೂ ಅಲ್ಲ. ಹಾಗಾಗಿ ದರ ಏರುತ್ತಲೇ ಇರುತ್ತದೆ. 1998ರಲ್ಲಿ ಕೊಂಕಣ ರೈಲು ಬಂತು, ಏರಿತು. ಹೆದ್ದಾರಿ ಚತುಷ್ಪಥವಾಗುತ್ತದೆ ಎಂದಾಗ ಏರಿತು. ಕುಂದಾಪುರದ ಫ್ಲೈಓವರು ವರ್ಷಗಟ್ಟಲೆ ಅರ್ಧಕ್ಕೆ ನಿಂತಾಗಲೂ ಇಳಿಯಲಿಲ್ಲ. 2018ರಲ್ಲಿ ಬೈಂದೂರು, ಬ್ರಹ್ಮಾವರ ತಾಲೂಕುಗಳಾದವು. ಕಚೇರಿಗೆ ಬೋರ್ಡು ಬೀಳುವ ಮೊದಲೇ ಪಕ್ಕದ ಗದ್ದೆಯ ದರಕ್ಕೆ ಇನ್ನೊಂದು ಸೊನ್ನೆ ಬಿತ್ತು.

ಜಾಗದ ಮಾತಿಗೆ ಇಷ್ಟು ಉಮೇದು ಇರುವವರು ಮನೆ ಬಾಡಿಗೆಗೆ ಕೊಡಿ ಎಂದರೆ ಮಾತ್ರ ಹಿಂದೆ ಸರಿಯುತ್ತಾರೆ. ಅದಕ್ಕೆ ಇತಿಹಾಸ ಉಂಟು. 1974ರ ಮಾರ್ಚ್ 1ರಂದು ಗೇಣಿ ಜಮೀನೆಲ್ಲ ಸರಕಾರಕ್ಕೆ ಸೇರಿ, ಒಕ್ಕಲುಗಳು ಡಿಕ್ಲರೇಷನ್ ಎಂಬ ಏಳನೇ ನಂಬರ್ ಫಾರಂ ತುಂಬಿ ಟ್ರಿಬ್ಯೂನಲ್ಲಿಗೆ ಕೊಟ್ಟರು. ಉತ್ತವರಿಗೆ ನ್ಯಾಯ ಸಿಕ್ಕಿತು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಗದ್ದೆಯ ಕಾನೂನು ಬೇರೆ, ಮನೆಯ ಕಾನೂನು ಬೇರೆ ಎಂದು ನನ್ನ ದೊಡ್ಡಮ್ಮನಿಗೆ ಒಪ್ಪಿಸಲು ಯಾವ ವಕೀಲರಿಂದಲೂ ಆಗಲಿಲ್ಲ. ಮಕ್ಕಳೆಲ್ಲ ಮುಂಬಯಿ ಸೇರಿದ ಮೇಲೆ ಎಂಟು ಕೋಣೆಯ ಹಂಚಿನ ಮನೆಗೆ ಬೀಗ ಜಡಿದು ಅವರು ಹೇಳಿದ್ದು: “ಬೀಗ ಬಾಡ್ಗಿ ಕೊಡ್ದಿರೂ ಡಿಕ್ಲರೇಷನ್ ಕೊಡೂದಿಲ್ಲ ಕಾಣ್.”

ಧೈರ್ಯ ಮಾಡಿ ಬಾಡಿಗೆಗೆ ಕೊಟ್ಟವರಿಗೆ ಒಂದು ಕಾಲದಲ್ಲಿ ಬ್ಯಾಂಕ್ ಮ್ಯಾನೇಜರರೇ ದೇವರು. ಬಾಡಿಗೆ ಬ್ಯಾಂಕಿನಿಂದಲೇ ತಾರೀಖಿಗೆ ಸರಿಯಾಗಿ ಬರುತ್ತಿತ್ತು. ಮೂರು ವರ್ಷಕ್ಕೆ ಟ್ರಾನ್ಸ್‌ಫರ್ ಆಗಿ ತಾವಾಗಿಯೇ ಹೊರಡುತ್ತಿದ್ದರು. ಬ್ಯಾಂಕುಗಳ ತವರೂರಾದ ನಮ್ಮ ಕಡೆ ಅವರಿಗೆ ಬರಗಾಲವಿರಲಿಲ್ಲ. ಆಮೇಲೆ 2019ರ ಏಪ್ರಿಲಿನಲ್ಲಿ ವಿಜಯಾ ಬ್ಯಾಂಕ್ ಬರೋಡಾಕ್ಕೆ ಸೇರಿತು. ಮರುವರ್ಷ ಅದೇ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ನಿನೊಳಗೆ ಹೋದವು. ಪತ್ರಿಕೆಗಳು ಕರಾವಳಿಯ ಅಸ್ಮಿತೆ ಹೋಯಿತೆಂದು ಬರೆದವು. ಮನೆ ಮಾಲಕರು ಅಳುತ್ತಿದ್ದದ್ದು ಮ್ಯಾನೇಜರರಿಗಾಗಿ.

ಈಗ ಬರುವವರು ಬೇರೆ. ಬ್ರಹ್ಮಾವರದಲ್ಲಿ ಮಣಿಪಾಲದ ಬಾಡಿಗೆ ಭರಿಸಲಾಗದವರು, ಬೈಂದೂರಿನಲ್ಲಿ ಹೋಮ್‌ಸ್ಟೇ ಮಾಡುತ್ತೇನೆಂಬ ಹುಡುಗರು. ಮೊದಲಿನವರು ಬಾವಿ ನೀರು ಹೇಗೆ ಎಂದು ಕೇಳುತ್ತಿದ್ದರು, ಇವರು ವೈಫೈ ಕೇಳುತ್ತಾರೆ. ಹೊಳೆಬದಿಯ ಬಾವಿಗೆ ಮಾರ್ಚಿನಲ್ಲಿ ಉಪ್ಪು ಏರುವ ಸಂಗತಿ ನಾವಾಗಿ ಹೇಳುವುದಿಲ್ಲ.

ನನ್ನ ಮನೆಗೆ ಬಂದವರು ವಿಜಯಪುರದ ಕಡೆಯ ಮೇಷ್ಟ್ರು, ಬಹಳ ಒಳ್ಳೆಯವರು. ಆಷಾಢದಲ್ಲಿ ಫೋನು ಬಂತು: “ಸರ, ನಿಮ್ಮ ಮನಿ ಸೋರತೈತ್ರಿ.” ಹೋಗಿ ನೋಡಿದೆ. ತಾರಸಿಯ ಮೇಲೆ ತಗಡಿನ ಶೀಟು ಭದ್ರವಾಗಿತ್ತು. ಈ ಊರಿನಲ್ಲಿ ಕಾಂಕ್ರೀಟಿಗೂ ಒಂದು ಕೊಡೆ ಬೇಕು. ಒಳಗೆ ಮಾತ್ರ ಗೋಡೆ ಮದುಮಗನ ಹಣೆಯಂತೆ ಬೆವರುತ್ತಿತ್ತು. ಬೆಲ್ಟು, ಚಪ್ಪಲಿ, ಮಕ್ಕಳ ಸ್ಕೂಲ್ ಬ್ಯಾಗು, ಎಲ್ಲದರ ಮೇಲೂ ಬಿಳಿ ಬೂಸ್ಟು. ಹಜಾರದ ಉದ್ದಕ್ಕೂ ಹಗ್ಗ, ಹಗ್ಗದಲ್ಲಿ ಹದಿನೈದು ದಿನದ ಒದ್ದೆ ಬಟ್ಟೆ. “ಸೋರುವುದು ಮನೆಯಲ್ಲ ಮೇಷ್ಟ್ರೇ, ಊರು” ಎಂದೆ. ಅವರು ನಂಬಲಿಲ್ಲ. ಆ ತಿಂಗಳ ಬಾಡಿಗೆಯಲ್ಲಿ ಐನೂರು ಮುರಿದುಕೊಂಡರು.

ಆದರೆ ನಿಜವಾದ ವ್ಯಾಜ್ಯ ತೆಂಗಿನಕಾಯಿಯದು. ಹನ್ನೊಂದು ತಿಂಗಳ ಕರಾರುಪತ್ರ ಬರೆಯುತ್ತೇವೆ, ಏಕೆಂದರೆ ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಅದರಲ್ಲಿ ಅಡ್ವಾನ್ಸು, ಕರೆಂಟು, ಸುಣ್ಣಬಣ್ಣ ಎಲ್ಲ ಇರುತ್ತದೆ. ಅಂಗಳದ ಐದು ತೆಂಗಿನಮರ ಯಾರದೆಂದು ಇರುವುದಿಲ್ಲ. ಮರ ನನ್ನದು, ಒಪ್ಪೋಣ. ಬಿದ್ದ ಕಾಯಿ? ಅವರ ಕಾರಿನ ಗಾಜಿನ ಮೇಲೆ ಬಿದ್ದ ಕಾಯಿ? ಇಂಡಿಯನ್ ಪೀನಲ್ ಕೋಡ್ ಹೋಗಿ ನ್ಯಾಯಸಂಹಿತೆ ಬಂದರೂ ಇದು ಇತ್ಯರ್ಥವಾಗಿಲ್ಲ.

ಲೆಕ್ಕಕ್ಕೆ ಬರೋಣ. ಮನೆಗೂ ಜಾಗಕ್ಕೂ ಈಗ 45 ಲಕ್ಷ ಹೇಳುತ್ತಾರೆ. ತಿಂಗಳಿಗೆ 9,000 ಬಾಡಿಗೆ, ವರ್ಷಕ್ಕೆ 1,08,000. ಅದರಲ್ಲಿ ಪಂಚಾಯತ್ ತೆರಿಗೆ, ಪಂಪಿನ ರಿಪೇರಿ, ಮರ ಹತ್ತುವವನ ಕೂಲಿ, ಮೇಷ್ಟ್ರ ಐನೂರು ಕಳೆಯಬೇಕು. ಆ 45 ಲಕ್ಷವನ್ನೇ ಶೇಕಡಾ ಆರೂವರೆಗೆ ಬ್ಯಾಂಕಿನಲ್ಲಿಟ್ಟರೆ ಕೂತಲ್ಲಿಗೆ 2,92,500 ಬರುತ್ತದೆ. ಠೇವಣಿಗೆ ಬೂಸ್ಟು ಹಿಡಿಯುವುದಿಲ್ಲ. ಹಾಗಾದರೆ ಮಾರೋಣವೆಂದರೆ ಮುಂಬಯಿ, ದುಬೈಯ ಅಕ್ಕತಂಗಿಯರೆಲ್ಲರ ಸಹಿ ಬೇಕು, ಆರ್‌ಟಿಸಿ ಬೇಕು, ಹನ್ನೊಂದು ಇ ನಕ್ಷೆ ಬೇಕು, ಮೂಲೆಯ ನಾಗಬನ ಯಾರ ಪಾಲಿಗೆ ಎಂಬ ಪ್ರಶ್ನೆಗೆ ಉತ್ತರ ಬೇಕು. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕವೂ ಒಂದರಿಂದ ಎರಡು ಪರ್ಸೆಂಟಾಗಿದೆ.

ಇಷ್ಟಾದ ಮೇಲೂ ನಮ್ಮ ಕಡೆ ಮನೆ ಕೊಳ್ಳಬೇಕೆಂದಿದ್ದರೆ ಧಾರಾಳವಾಗಿ ಬನ್ನಿ. ಏಪ್ರಿಲಿನಲ್ಲಿ ಬಂದು ಬಾವಿ ನೋಡಿ, ಮೇ ರಜೆಯಲ್ಲಿ ಬಂದು ಹಕ್ಕುದಾರರನ್ನು ಒಟ್ಟಿಗೆ ನೋಡಿ, ಜುಲೈಯಲ್ಲಿ ಬಂದು ಗೋಡೆ ನೋಡಿ. ಬ್ರೋಕರು ಮಾತ್ರ ಡಿಸೆಂಬರಿನಲ್ಲೇ ಬನ್ನಿ ಎನ್ನುತ್ತಾನೆ.