ಪೀಣ್ಯಕ್ಕೆ ಬಂದ ಪಿಎಲ್‌ಎಂ

(ಪೀಣ್ಯದ ಒಂದು ಪಂಪ್ ಕಾರ್ಖಾನೆ. ಟೀಮ್‌ಸೆಂಟರ್, ವಿಂಡ್‌ಚಿಲ್, ಎನೋವಿಯಾ, ಮೂರೂ ಪಿಎಲ್‌ಎಂ ಸಾಫ್ಟ್‌ವೇರ್‌ಗಳ ಕೊಟೇಶನ್ ಮೇಜಿನ ಮೇಲಿದೆ. ಹಾರಿಹೋಗದಂತೆ ಒಂದು ರಿಜೆಕ್ಟ್ ಆದ ಇಂಪೆಲ್ಲರ್ ಇಟ್ಟಿದ್ದಾರೆ.)

ಯಜಮಾನರು: ಇದೇನು ಮಾಡುತ್ತೆ ರೀ?

ಮ್ಯಾನೇಜರ್: ಡ್ರಾಯಿಂಗ್, ಬಿಓಎಂ, ರಿವಿಷನ್ ಎಲ್ಲ ಒಂದೇ ಕಡೆ ಸಾರ್. ಯಾರು ಬದಲಾಯಿಸಿದ್ರು, ಯಾರು ಅಪ್ರೂವ್ ಮಾಡಿದ್ರು, ತಾರೀಖು ಸಮೇತ ಇರುತ್ತೆ.

ಯಜಮಾನರು: ಅಪ್ರೂವ್ ಮಾಡಿದವರ ಹೆಸರೂ?

ಮ್ಯಾನೇಜರ್: ಅಳಿಸೋಕೂ ಆಗಲ್ಲ.

ಯಜಮಾನರು: ಅದೊಂದು ತೆಗೆದ್ರೆ ಎಷ್ಟು ಕಮ್ಮಿ ಮಾಡ್ತಾರೆ, ಕೇಳಿ.

(ಡೆಮೊದಲ್ಲಿ ವಿಮಾನದ ರೆಕ್ಕೆ ತಿರುಗಿತ್ತು. ಇಲ್ಲಿ ತಯಾರಾಗುವುದು ಒಂದೂವರೆ ಎಚ್‌ಪಿ ಬೋರ್‌ವೆಲ್ ಪಂಪು.)

ಮ್ಯಾನೇಜರ್: ಈಗ ನಮ್ಮ ಫೋಲ್ಡರ್‌ನಲ್ಲಿ ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಅಂತಿವೆ. ಗಿರಾಕಿ ಒಪ್ಪಿದ್ದು ರೆವ್ ಡಿ, ಲೇತ್‌ನವನು ಶಾಫ್ಟ್ ಟರ್ನ್ ಮಾಡಿದ್ದು ರೆವ್ ಬಿ ನೋಡ್ಕೊಂಡು.

ಯಜಮಾನರು: ರಾಯರನ್ನ ಕೇಳಬಾರದಾ? ಅವರಿಗೆ ಎಲ್ಲ ಬಾಯಿಪಾಠ.

ಮ್ಯಾನೇಜರ್: ಡ್ರಾಫ್ಟ್ಸ್‌ಮನ್ ರಾಯರು ಮಾರ್ಚ್‌ಗೆ ರಿಟೈರ್ ಆಗ್ತಾರೆ ಸಾರ್.

ಯಜಮಾನರು: ಎರಡು ವರ್ಷ ಎಕ್ಸ್‌ಟೆನ್ಷನ್ ಕೊಡಿ. ಇನ್‌ಸ್ಟಾಲೇಷನ್ ಚಾರ್ಜೂ ಇಲ್ಲ, ಟ್ರೇನಿಂಗೂ ಬೇಡ.

ಅಕೌಂಟ್ಸ್‌ನವರು: ಎಎಂಸಿ ಮಾತ್ರ ಇದೆ ಸಾರ್. ದಿನಕ್ಕೆ ಎರಡು ಕಾಫಿ, ಸಕ್ಕರೆ ಇಲ್ಲದ್ದು.