ಇಂಕು ತುಂಬುವವರು ಯಾರು?

ವೈಟ್‌ಬೋರ್ಡಿನ ಕೆಳಗಿನ ತಟ್ಟೆಯಲ್ಲಿ ನಾಲ್ಕು ಮಾರ್ಕರ್ ಇದ್ದರೆ ಮೂರು ಒಣಗಿರುತ್ತವೆ. ಬರೆಯುವ ನಾಲ್ಕನೆಯದು ಹಸಿರು. ಟ್ಯೂಬ್‌ಲೈಟಿನ ಹೊಳಪಿಗೆ ಹಸಿರು ಅಕ್ಷರ ಹಿಂದಿನ ಬೆಂಚಿಗೆ ಕಾಣದ ಕಾರಣ ಅದನ್ನು ಯಾರೂ ಮುಟ್ಟುವುದಿಲ್ಲ, ಹಾಗಾಗಿ ಅದಕ್ಕೆ ದೀರ್ಘಾಯುಷ್ಯ. ಇನ್ನು ಒಣಗಿದ ಮಾರ್ಕರ್ ಕೈಗೆ ಸಿಕ್ಕವರು ಮಾಡುವುದನ್ನು ಗಮನಿಸಿ. ಒಂದು ಗೆರೆ ಎಳೆಯುತ್ತಾರೆ, ಮೂಡುವುದಿಲ್ಲ. ಎರಡು ಸಲ ಕೊಡವುತ್ತಾರೆ, ಮತ್ತೆ ಎಳೆಯುತ್ತಾರೆ. ಆಮೇಲೆ ಮುಚ್ಚಳ ಹಾಕಿ, ಅದೇ ತಟ್ಟೆಯಲ್ಲಿ ಜೋಪಾನವಾಗಿ ಇಟ್ಟುಬಿಡುತ್ತಾರೆ. ಮುಂದಿನವರಿಗೂ ಆ ಭಾಗ್ಯ ಸಿಗಲಿ ಎಂದು!

ನಾನು ಮೇಷ್ಟರ ಕೆಲಸಕ್ಕೆ ಸೇರಿದಾಗ ಈ ಫಜೀತಿ ಇರಲಿಲ್ಲ. ಸೀಮೆಸುಣ್ಣ ಒಣಗುವ ಪ್ರಶ್ನೆಯೇ ಇಲ್ಲ, ಅದು ಹುಟ್ಟಾ ಒಣಕಲು. ಜಿಪ್ಸಮ್ಮಿನ ತುಂಡಿಗೆ ಕೊಳವೆ ಬೇಡ, ಮುಚ್ಚಳ ಬೇಡ. ಉಗುರಿನಷ್ಟಾಗುವ ತನಕ ಬರೆದು, ಉಳಿದದ್ದನ್ನು ತೂಕಡಿಸುವ ಹುಡುಗನತ್ತ ಗುರಿಯಿಟ್ಟರೆ ಕೊನೆಯ ಕಣವೂ ಶಿಕ್ಷಣಕ್ಕೇ ಸಂದಂತೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಮರುವರ್ಷ ಪ್ರಾಥಮಿಕ ಶಾಲೆಗಳಿಗೆಂದು ಕೇಂದ್ರ ಸರ್ಕಾರ ತಂದ ಯೋಜನೆಗೆ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಎಂದೇ ಹೆಸರಿಟ್ಟಿದ್ದರು. ಕಪ್ಪು ಹಲಗೆಗೆ ಅಂಥ ಮರ್ಯಾದೆಯಿದ್ದ ಕಾಲ. ಆಮೇಲೆ ತರಗತಿಗೆ ಪ್ರೊಜೆಕ್ಟರ್, ಕಂಪ್ಯೂಟರ್ ಬಂದವು. ಧೂಳು ಅವಕ್ಕೆ ಆಗಿಬರುವುದಿಲ್ಲ ಎಂದು ಬಿಳಿ ಹಲಗೆ ಹಾಕಿದರು. ಪ್ರೊಜೆಕ್ಟರಿನ ಆರೋಗ್ಯದ ಬಗ್ಗೆ ತೋರಿದ ಕಾಳಜಿಯನ್ನು ಅಷ್ಟು ವರ್ಷ ಮೇಷ್ಟರ ಮೂಗಿನ ಬಗ್ಗೆ ಯಾರೂ ತೋರಿರಲಿಲ್ಲ.

ಒಣಗಿದ ಮಾರ್ಕರೊಂದನ್ನು ಬಿಚ್ಚಿ ನೋಡಿ. ಹೊರಗೆ ಗಟ್ಟಿ ಪ್ಲಾಸ್ಟಿಕ್ ಕೊಳವೆ, ಒಳಗೆ ಕೃತಕ ನಾರಿನ ಸುರುಳಿ, ತುದಿಗೆ ಅಂಥದೇ ನಾರನ್ನು ಒತ್ತಿ ಮಾಡಿದ ನಿಬ್ಬು. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ನಿಬ್ಬು ಸುರುಳಿಯಿಂದ ಇಂಕನ್ನು ಎಳೆದುಕೊಳ್ಳುತ್ತದೆ. ಇಂಕಿನಲ್ಲಿ ಬಣ್ಣದ ಜೊತೆ ಬೇಗ ಆರುವ ಆಲ್ಕೋಹಾಲು, ಬಣ್ಣ ಹಲಗೆಗೆ ಕಚ್ಚಿಕೊಳ್ಳದಂತೆ ತಡೆಯುವ ಜಿಡ್ಡಿನಂಥ ಪದಾರ್ಥ. ಡಸ್ಟರ್ ಆಡಿಸಿದರೆ ಸಲೀಸಾಗಿ ಎದ್ದುಬರುವುದು ಇದರಿಂದಲೇ. ಇದಕ್ಕೆ ತದ್ವಿರುದ್ಧ ಸ್ವಭಾವದ ಇಂಕಿಗೆ ನಮ್ಮ ಮೈಸೂರು ಹೆಸರುವಾಸಿ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ ಶುರುವಾದ ಅಲ್ಲಿನ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಅಳಿಸಲಾಗದ ಗುರುತು ಒದಗಿಸುತ್ತ ಬಂದಿದೆ. ಆ ಗುರುತು ವಾರಗಟ್ಟಲೆ ನಿಲ್ಲುತ್ತದೆ. ನಾನು ಬರೆದ ಸೂತ್ರ ಮುಂದಿನ ಪಿರಿಯಡ್ಡಿನ ತನಕ ನಿಂತರೆ ಹೆಚ್ಚು.

 

ಮಾರ್ಕರಿನಲ್ಲಿ ಮುಗಿದದ್ದು ಇಂಕು ಮಾತ್ರ. ಕೊಳವೆ, ಮುಚ್ಚಳ, ಸುರುಳಿ ಎಲ್ಲ ಹೊಸದರಂತೆಯೇ ಇರುತ್ತವೆ. ಆದರೂ ಹೋಗುವುದು ಕಸದ ಬುಟ್ಟಿಗೆ. ಬಗೆಬಗೆಯ ಪ್ಲಾಸ್ಟಿಕ್ ಬೆರೆತು ಇಂಕಿನಲ್ಲಿ ನೆಂದ ಈ ಸರಕನ್ನು ಗುಜರಿಯವನೂ ಕೈಯಲ್ಲಿ ಹಿಡಿಯುವುದಿಲ್ಲ. ಇಂಕು ತುಂಬಿ ಮತ್ತೆ ಬಳಸುವ ಮಾರ್ಕರುಗಳು ಪರಿಸರಸ್ನೇಹಿ ಎನಿಸಿಕೊಳ್ಳುವುದು ಈ ಲೆಕ್ಕದಲ್ಲಿ. ಕ್ಯಾಮ್ಲಿನ್, ಲಕ್ಸರ್ ಮಾರ್ಕರುಗಳಿಗೆ ಬೇರೆಯಾಗಿ ಇಂಕಿನ ಬಾಟಲಿ ಸಿಗುತ್ತದೆ. ಜಪಾನಿನ ಪೈಲಟ್ ಕಂಪನಿಯ ‘ವಿ ಬೋರ್ಡ್ ಮಾಸ್ಟರ್’ನಲ್ಲಿ ಇಂಕಿನ ಕಾರ್ಟ್ರಿಜ್ ತೆಗೆದು ಹೊಸದು ಸಿಕ್ಕಿಸಿದರಾಯಿತು. ಬಾಟಲಿಯೂ ಕಾರ್ಟ್ರಿಜ್ಜೂ ಪ್ಲಾಸ್ಟಿಕ್ಕೇ ಎಂದು ನಮ್ಮ ಸ್ಟಾಫ್ ರೂಮಿನ ಅರ್ಥಶಾಸ್ತ್ರದವರು ತಕರಾರು ತೆಗೆದರು. ನಿಜವೇ. ಆದರೆ ಒಂದು ಬಾಟಲಿ ಹಲವು ಮಾರ್ಕರುಗಳ ಹೊಟ್ಟೆ ತುಂಬಿಸುತ್ತದೆ.

ತುಂಬುವ ಕೆಲಸ ಕಷ್ಟದ್ದೇನಲ್ಲ, ಅವಸರ ಪಡಬಾರದು ಅಷ್ಟೆ. ನಿಬ್ಬನ್ನು ಹಳೆ ಬಟ್ಟೆಯಲ್ಲಿ ಹಿಡಿದು ಎಳೆದು, ಸುರುಳಿಯ ಮೇಲೆ ಇಂಕನ್ನು ತೊಟ್ಟು ತೊಟ್ಟಾಗಿ ಬಿಟ್ಟು, ಅದು ಒಳಗಿಳಿದ ಮೇಲೆ ಮತ್ತಷ್ಟು ಬಿಡಬೇಕು. ಒಮ್ಮೆಲೇ ಸುರಿದರೆ ಅದು ಬರೆಯುವುದು ನಿಮ್ಮ ಅಂಗಿಯ ಮೇಲೆ. ಕೊನೆಗೆ ನಿಬ್ಬು ಕೂರಿಸಿ, ಮುಚ್ಚಳ ಹಾಕಿ, ತಲೆಕೆಳಗಾಗಿ ಸ್ವಲ್ಪ ಹೊತ್ತು ನಿಲ್ಲಿಸಬೇಕು.

ಕಷ್ಟವಿರುವುದು ಬೇರೆ ಕಡೆ. ಇಂಕು ಪೆನ್ನಿನ ಕಾಲದಲ್ಲಿ ಪೆನ್ನು ಯಾರದೋ ಅವರೇ ತುಂಬಿಕೊಳ್ಳುತ್ತಿದ್ದರು. ಬೆರಳಿಗೆ ಮೆತ್ತಿದ ನೀಲಿಯನ್ನು ತಲೆಗೂದಲಿಗೆ ಒರೆಸಿಕೊಂಡು ಕ್ಲಾಸಿಗೆ ಓಡಿದ ಪೀಳಿಗೆ ನಮ್ಮದು. ಮಾರ್ಕರಾದರೋ ಕಾಲೇಜಿನದು, ಎಂದರೆ ಯಾರದೂ ಅಲ್ಲ. ನಮ್ಮಲ್ಲಿ ಇಂಕಿನ ಬಾಟಲಿ ಬಂದಾಗ ಏನಾಯಿತು ಕೇಳಿ. ಬಾಟಲಿ ಬೀರುವಿನಲ್ಲಿ, ಬೀಗದ ಕೈ ಗುಮಾಸ್ತರ ಬಳಿ, ಗುಮಾಸ್ತರು ರಜೆಯಲ್ಲಿ. ಅಟೆಂಡರನ್ನು ಕೇಳಿದರೆ, “ಸಾರ್, ತುಂಬ್ಸೋದು ನನ್ ಕೆಲ್ಸ ಅಂತ ಆರ್ಡರ್ ಇಲ್ವಲ್ಲ. ಹೊಸದೇ ಒಂದು ಕೊಟ್ಬಿಡ್ಲಾ?” ಎಂದ. ಹೊಸದು ಬೀರುವಿನ ಹೊರಗೇ ಇತ್ತು!

ಆಫೀಸುಗಳದ್ದೂ ಇದೇ ಕತೆ. ಗೋಡೆಯ ಮೇಲೆ ಹಸಿರು ಎಲೆಯ ಪೋಸ್ಟರ್ ಅಂಟಿಸುವವರಿಗೆ ಕೊರತೆಯಿಲ್ಲ, ಕೈಗೆ ಇಂಕು ಮಾಡಿಕೊಳ್ಳುವವರು ಸಿಗುವುದಿಲ್ಲ.

ಆದ್ದರಿಂದ ಪ್ರಾಂಶುಪಾಲರಲ್ಲಿ, ಮ್ಯಾನೇಜರುಗಳಲ್ಲಿ ನನ್ನ ಬಿನ್ನಹ ಇಷ್ಟೇ. ಮಾರ್ಕರನ್ನು ಹಲಗೆಗೆ ಕೊಡಬೇಡಿ, ಬರೆಯುವವರ ಕೈಗೆ ಕೊಡಿ, ಹೆಸರು ಅಂಟಿಸಿ ಕೊಡಿ. ಇಂಕಿನ ಬಾಟಲಿಯನ್ನು ಬೀಗವಿಲ್ಲದ ಜಾಗದಲ್ಲಿಡಿ, ಪಕ್ಕದಲ್ಲೊಂದು ಹಳೆ ಬಟ್ಟೆಯಿರಲಿ. ಕೊಳ್ಳುವಾಗ ಬಿಡಿ ನಿಬ್ಬು ಸಿಗುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿ. ನಿಬ್ಬು ಚಪ್ಪಟೆಯಾದ ಮಾರ್ಕರಿಗೆ ಎಷ್ಟು ಇಂಕು ಕುಡಿಸಿದರೂ ದಂಡ.