ಭಾವನ ಕೋಳಿ ಕೂಗಿದರೇ ಊಟ

ಬಡಿಸಿದ್ದನ್ನು ಸುಮ್ಮನೆ ಉಣ್ಣಲು ಬಿಡದ ಒಬ್ಬ ಭಾವ ಪ್ರತಿ ಮನೆತನದಲ್ಲೂ ಇರುತ್ತಾರೆ. ನಮ್ಮ ಅಕ್ಕನ ಯಜಮಾನರು ಮೊದಲು ಕಾಫಿಪುಡಿಗೆ ಎಷ್ಟು ಚಿಕೋರಿ ಬೆರೆಸಬೇಕೆಂದು ಪಾಠ ಹೇಳುತ್ತಿದ್ದರು. ಬೆಂಗಳೂರಿನಲ್ಲಿ ಒಂದೇ ಒಂದು ಶನಿವಾರ ವೈನ್ ತರಗತಿಗೆ ಹೋಗಿಬಂದರು ನೋಡಿ, ಚಿಕೋರಿಗೆ ಬಿಡುಗಡೆಯಾಯಿತು. ಈಗ ಮಜ್ಜಿಗೆ ಕೊಟ್ಟರೂ ಲೋಟವನ್ನು ಎರಡು ಸುತ್ತು ತಿರುಗಿಸಿ, ಮೂಗು ಇಳಿಬಿಟ್ಟು, ಕಣ್ಣು ಮುಚ್ಚಿ, ಆಮೇಲೆ ಕುಡಿಯುತ್ತಾರೆ. ಅವರ ಬಿಳಿ ಅಂಗಿಗಳೆಲ್ಲ ಈ ವಿದ್ಯೆಗೆ ಸಾಕ್ಷಿ.

ಹೋದ ವರ್ಷ ಎಲ್ಲರೂ ಫ್ಲಾರೆನ್ಸಿಗೆ ಹೋಗಿದ್ದೆವು. ಡುವೋಮೊ ಚರ್ಚಿನ ಗುಮ್ಮಟದ 463 ಮೆಟ್ಟಿಲು ಹತ್ತಿ ಇಳಿದು, ಹೊಟ್ಟೆ ತಾಳ ಹಾಕುವ ಹೊತ್ತಿಗೆ ಒಂದು ಗಲ್ಲಿಯ ಸಣ್ಣ ಹೋಟೆಲು ಹೊಕ್ಕೆವು. ‘ಪೊಲ್ಲೊ ಅಲ್ಲ ಕಚ್ಚಾತೋರಾ’ ಹೇಳಿದೆವು. ಅಂದರೆ ಬೇಟೆಗಾರರ ಕೋಳಿ. ಈರುಳ್ಳಿ, ಟೊಮ್ಯಾಟೊ, ರೋಸ್‌ಮರಿ ಸೊಪ್ಪು, ಒಂದಿಷ್ಟು ವೈನ್ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿದ್ದು. ಯಜಮಾನಿ ಅಜ್ಜಿಯೇ ಮಣ್ಣಿನ ಪಾತ್ರೆಯನ್ನು ತಂದಿಟ್ಟರು. ಅಂಚಿನಲ್ಲಿ ಕೆಂಪು ರಸ ಇನ್ನೂ ಗುಳುಗುಳು ಎನ್ನುತ್ತಿತ್ತು. ಪಕ್ಕದಲ್ಲಿ ನಾವು ಕೇಳದಿದ್ದರೂ ಅರ್ಧ ಲೀಟರಿನ ಒಂದು ಹೂಜಿ ಕೆಂಪು ವೈನ್. ಉಪ್ಪಿಲ್ಲದ ಅಲ್ಲಿನ ಬ್ರೆಡ್ಡನ್ನು ಮುರಿದು ಅದ್ದಲು ಹೋದೆ.

‘ತಡಿಯೋ! ಹೂಜಿ ವೈನೆಲ್ಲ ಬೇಡ. ಇದಕ್ಕೆ ತಕ್ಕದ್ದನ್ನ ನಾನು ಹೇಳ್ತೀನಿ’ ಎಂದರು ಭಾವ.

‘ಕೋಳಿಗೆ ಬಿಳಿ ವೈನ್ ಅಂತಾರಲ್ಲ ಭಾವ?’ ಎಂದೆ. ಕೇಳಿದ್ದೇ ತಪ್ಪಾಯಿತು.

‘ಕೋಳಿ ಕೇಳಿ ಮಸಾಲೆ ಅರೀತಾರೇನೋ? ವೈನ್ ಆರಿಸೋಕೂ ಕೋಳೀನ ಕೇಳಬಾರದು, ಸಾಸ್ ಕೇಳಬೇಕು. ಟೊಮ್ಯಾಟೊ ಹುಳಿ. ವೈನಿನ ಹುಳಿ ಅದಕ್ಕಿಂತ ಕಮ್ಮಿಯಾದ್ರೆ ವೈನ್ ಸಪ್ಪೆ ಹೊಡೆಯುತ್ತೆ. ಇನ್ನು ಒಗರು ಜಾಸ್ತಿಯಾದ್ರೆ ಕಲಾಯಿ ಹೋದ ಹಿತ್ತಾಳೆ ಪಾತ್ರೇಲಿ ಮಾಡಿದ ಸಾರಿನ ಥರ ಕಿಲುಬು ಕಿಲುಬು. ಅದಕ್ಕೇ ಪೀಡ್‌ಮಾಂಟ್ ಕಡೆಯ ಬಾರ್ಬೆರಾ ಆಗಬಹುದು, ಹುಳಿ ಮುಂದೆ, ಒಗರು ಹಿಂದೆ. ಇಲ್ಲಾ, ಈ ಸೀಮೆಯ ಸಾಂಜೊವೇಜೆ.’

ಭಾವ ಸುಳ್ಳು ಹೇಳುವವರಲ್ಲ. ಅವರೊಡನೆ ಇರುವ ಕಷ್ಟವೇ ಅದು. ಹೇಳುವುದೆಲ್ಲ ನಿಜ, ಹೇಳುವ ಹೊತ್ತು ಮಾತ್ರ ತಪ್ಪು.

ಕಿಯಾಂತಿ ಕ್ಲಾಸಿಕೊ ಬಾಟಲಿ ಬಂತು. ಕತ್ತಿನ ಮೇಲೆ ಕರಿ ಹುಂಜದ ಚಿತ್ರ. ಭಾವ ಅದನ್ನು ಹಸುಗೂಸಿನಂತೆ ಎತ್ತಿಕೊಂಡು, ‘ಇದರಲ್ಲಿ ಶೇ. 80ರಷ್ಟಾದರೂ ಸಾಂಜೊವೇಜೆ ದ್ರಾಕ್ಷಿ ಇರಲೇಬೇಕು’ ಎಂದರು. ಲೋಟಕ್ಕೆ ಸುರಿದು, ಮೂಸಿ, ‘ಚೆರ್ರಿ... ಒಣಗಿದ ಸೊಪ್ಪು... ಹಳೇ ಚರ್ಮ’ ಎಂದಾಗ ಅವರ ಮಗಳು ಮೇಜಿನ ಕೆಳಗೆ ಬಗ್ಗಿ ಅಪ್ಪನ ಚಪ್ಪಲಿ ನೋಡಿದಳು.

ಮುಂದೆ ಹುಂಜದ ಕಥೆ. ಫ್ಲಾರೆನ್ಸಿಗೂ ಸಿಯೆನಾಕ್ಕೂ ಗಡಿ ಜಗಳವಂತೆ. ಕೋಳಿ ಕೂಗಿದೊಡನೆ ಎರಡೂ ಊರಿಂದ ಒಬ್ಬೊಬ್ಬ ಸವಾರ ಹೊರಡಬೇಕು, ಇಬ್ಬರೂ ಎದುರಾದಲ್ಲಿ ಗಡಿಕಲ್ಲು. ಸಿಯೆನಾದವರು ತಮ್ಮ ಬಿಳಿ ಹುಂಜಕ್ಕೆ ಹೊಟ್ಟೆ ಬಿರಿಯ ತಿನ್ನಿಸಿದರು. ಫ್ಲಾರೆನ್ಸಿನವರು ಕರಿ ಹುಂಜವನ್ನು ಉಪವಾಸ ಕೆಡವಿದರು. ಹಸಿದ ಹುಂಜ ನಸುಕಿಗೂ ಮುಂಚೆ ಕೂಗಿಬಿಟ್ಟಿತು. ನಡುವಿನ ಕಿಯಾಂತಿ ಸೀಮೆಯ ಬಹುಪಾಲು ಫ್ಲಾರೆನ್ಸಿನ ಪಾಲಾಯಿತು.

‘ಇದರಿಂದ ನಾವು ತಿಳೀಬೇಕಾದ್ದು ಏನಪ್ಪಾ ಅಂದರೆ...’

‘ರೀ, ಹಸಿದದ್ದು ಮೊದಲು ಕೂಗುತ್ತೆ ಅಂತ!’ ಎಂದಳು ಅಕ್ಕ. ದನಿ ಆ ಹುಂಜಕ್ಕೇನೂ ಕಮ್ಮಿಯಿರಲಿಲ್ಲ. ಆಗಲೇ ಅವಳ ತಟ್ಟೆಯಲ್ಲಿ ಎರಡು ಮೂಳೆ ಬಿದ್ದಿದ್ದವು, ಹೂಜಿ ಅರ್ಧ ಖಾಲಿಯಾಗಿತ್ತು. ನಾವೆಲ್ಲ ಅವಳ ದಾರಿ ಹಿಡಿದೆವು. ಕೋಳಿಯ ಹುಳಿಗೆ ಹೂಜಿಯ ಹುಳಿ ಎಷ್ಟು ಹದವಾಗಿ ಕೂಡಿತೆಂದರೆ ಬಾಟಲಿಯನ್ನು ಯಾರೂ ಮುಟ್ಟಲಿಲ್ಲ.

‘ಇದು ಯಾವ ವೈನು?’ ಎಂದು ಭಾವ ಅನುಮಾನದಿಂದ ಅಜ್ಜಿಯನ್ನು ಕೇಳಿದರು.

‘ಸಾಂಜೊವೇಜೆ’ ಎಂದರು ಅಜ್ಜಿ, ಇನ್ನೇನಿರುತ್ತೆ ಎಂಬಂತೆ.

ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದು ಎಂದುಕೊಂಡ ಅಜ್ಜಿಯ ಕಥೆ ನಮಗೆಲ್ಲ ಗೊತ್ತು. ಭಾವ ಆ ಕುಲದವರು. ಅವರ ಮಾತನ್ನು ನೀವು ಧಾರಾಳವಾಗಿ ನಂಬಿ: ಟೊಮ್ಯಾಟೊ ಹಾಕಿದ ಕೋಳಿಗೆ ಹುಳಿ ಮುಂದಿರುವ ಕೆಂಪು ವೈನೇ ಸರಿ. ಆದರೆ ಅವರ ಪಕ್ಕದಲ್ಲಿ ಊಟಕ್ಕೆ ಕೂರುವಾಗ ಮೊದಲ ತುತ್ತು ಬಾಯಿಗಿಟ್ಟುಕೊಂಡೇ ಪ್ರಶ್ನೆ ಕೇಳಿ.